ಧೂಳು ತೊಳೆದ ಮೇಲೆ ಕವರ್

ಆಳಂದ, ಅಫಜಲಪುರ, ಜೇವರ್ಗಿ ಕಡೆ ಕಾರಿಗೆ ಕವರ್ ಕೊಳ್ಳುವವರ ಮನಸ್ಸಿನಲ್ಲಿ ಮೊದಲು ಬರುವುದು ಬಿಸಿಲು. ಅದು ಸಹಜವೇ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ನೇರಳಾತೀತ ಕಿರಣಗಳು ಬಣ್ಣದ ಮೇಲಿನ ಪಾರದರ್ಶಕ ಲೇಪವನ್ನೂ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನೂ ವರ್ಷದಿಂದ ವರ್ಷಕ್ಕೆ ಕಳೆಗುಂದಿಸುತ್ತವೆ. ಆದರೆ ಬಿಸಿಲಿನ ಪೆಟ್ಟು ನಿಧಾನದ್ದು. ಅದಕ್ಕಿಂತ ಬೇಗ ಗೀರು ಎಳೆಯುವುದು ಧೂಳು. ಧೂಳನ್ನು ಲೆಕ್ಕಕ್ಕೆ ಹಿಡಿಯದೆ ಹಾಕಿದ ಕವರ್, ಕಾಯಬೇಕಾದ ಬಣ್ಣವನ್ನೇ ಕೆಡಿಸುತ್ತದೆ.

ಈ ಸೀಮೆಯ ಎರೆಮಣ್ಣು ತಾನಾಗಿ ಮೃದುವೇ. ಆದರೆ ಮುರುಮಿನ ದಾರಿಯಿಂದ ಏಳುವ ಧೂಳಿನಲ್ಲಿ ಕಲ್ಲಿನ ಪುಡಿಯೂ ಮರಳಿನ ಕಣವೂ ಬೆರೆತಿರುತ್ತವೆ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟೂ ಸೇರುತ್ತದೆ. ಮರಳಿನ ಕಣ ಕಬ್ಬಿಣದ ತಗಡನ್ನೂ ಗೀರಬಲ್ಲಷ್ಟು ಗಟ್ಟಿ. ಕಾರಿನ ಪಾರದರ್ಶಕ ಲೇಪವೋ ಸಾಮಾನ್ಯವಾಗಿ ತಲೆಗೂದಲಿಗಿಂತ ತೆಳು. ಧೂಳಿನ ಮೇಲೆ ಕವರ್ ಎಳೆದರೆ, ಗಾಳಿಗೆ ಬಟ್ಟೆ ಪಟಪಟಿಸಿದಷ್ಟೂ ಉಸುಕಿನ ಕಾಗದ ತಿಕ್ಕಿದಂತಾಗುತ್ತದೆ. ಹೀಗಾಗಿ ಕಾರಿನ ಅಳತೆಗೆ ಸರಿಹೊಂದಿ, ಒಳಮೈ ಮೃದುವಾಗಿದ್ದು, ಕೆಳಗೆ ಪಟ್ಟಿ ಬಿಗಿಯಲು ಬರುವ ಕವರನ್ನೇ ಆರಿಸಬೇಕು. ಹೊರಮೈ ಬೆಳ್ಳಿ ಬಣ್ಣದ್ದಾದರೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ತೆಗೆದಿಡುವಾಗ ಒಳಮೈ ನೆಲಕ್ಕೆ ತಾಗದಂತೆ ಮಡಚಬೇಕು.

ಮನೆಯಲ್ಲಿರುವ ತಾಡಪತ್ರಿಯೇ ಸಾಕಲ್ಲ ಎಂದು ಕೇಳುವವರಿದ್ದಾರೆ. ತಾಡಪತ್ರಿ ನೀರು ಒಳಗೆ ಬಿಡದು, ನಿಜ. ಒಳಗಿನ ತೇವವನ್ನು ಹೊರಗೂ ಬಿಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಅದರಡಿ ಆವಿ ಹನಿಗಟ್ಟಿ, ಬಣ್ಣ ಕಿತ್ತ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಗಾಳಿಯಾಡುವ ಬಟ್ಟೆಯೇ ಬೇಕು. ಅದು ನೆನೆದರೆ ತೆಗೆದು ಒಣಗಿಸಬೇಕು. ಬೇವಿನ ಗಿಡದ ನೆರಳೇ ಸಾಕೆನ್ನುವ ಮಾತಿನಲ್ಲೂ ಹುರುಳಿದೆ. ನೆರಳು ಕಾರನ್ನು ತಂಪಾಗಿಡುತ್ತದೆ. ಆದರೆ ಗಿಡದಿಂದ ಉದುರುವ ಹಣ್ಣು, ಹಕ್ಕಿಯ ಹಿಕ್ಕೆ ಬಿಸಿಲಿಗೆ ಒಣಗಿ ಬಣ್ಣಕ್ಕೆ ಕಲೆ ಮಾಡುತ್ತವೆ. ಗಿಡದಡಿ ನಿಲ್ಲಿಸಿದ ಕಾರಿಗೂ ಕವರ್ ಬೇಕು.

ಎಲ್ಲಕ್ಕಿಂತ ತೂಕದ ಆಕ್ಷೇಪ ನೀರಿನದು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಷ್ಟವಿರುವಾಗ ದಿನಾ ಕಾರು ತೊಳೆಯಿರಿ ಎನ್ನುವುದು ನ್ಯಾಯವಲ್ಲ, ಹಾಗೆ ತೊಳೆಯಬೇಕಾಗಿಯೂ ಇಲ್ಲ. ದಿನಾ ಓಡಾಡುವ ಕಾರಿಗೆ ಕವರ್ ಹಾಕದಿರುವುದೇ ಲೇಸು. ಅದಕ್ಕೆ ತಗಡಿನ ಶೆಡ್ಡೋ ಗೋಡೆಯ ನೆರಳೋ ಸಾಕು. ಕವರ್ ಇರುವುದು ವಾರಗಟ್ಟಲೆ ನಿಂತಿರುವ ಕಾರಿಗೆ, ಯಜಮಾನರು ಪುಣೆಗೋ ಬೆಂಗಳೂರಿಗೋ ಹೋದಾಗ ಊರಲ್ಲೇ ಉಳಿಯುವ ಕಾರಿಗೆ. ಅಂಥ ಕಾರಿಗೆ ಒಂದೇ ಸಲ ಮೇಲಿನಿಂದ ನೀರು ಸುರಿದು, ಧೂಳು ಹರಿದುಹೋದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಎಂಜಿನ್ ಆರಿದ ಬಳಿಕ ಕವರ್ ಹೊದಿಸಿದರಾಯಿತು. ಅದಕ್ಕೆ ಎರಡು ಬಕೆಟ್ ನೀರು ಸಾಲುತ್ತದೆ. ಆ ಎರಡು ಬಕೆಟ್ ಉಳಿಸಲು ಹೋದರೆ ಎಷ್ಟೇ ಬೆಲೆಯ ಕವರ್ ಇದ್ದರೂ ಗೀರು ತಪ್ಪದು.