ಕೀಲುನೋವಿನ ಮದ್ದು, ಮೂಳೆಯ ಲೆಕ್ಕ

ಬೆರಳು ಬಾತುಕೊಂಡರೂ, ಮಂಡಿ ಹಿಡಿದುಕೊಂಡರೂ, ವಯಸ್ಸಾದವರ ಬೆನ್ನು ಬಾಗಿದರೂ ಕನ್ನಡದ ಆಡುಮಾತು ಎಲ್ಲವನ್ನೂ "ವಾತ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ವೈದ್ಯಶಾಸ್ತ್ರ ಇವನ್ನು ಬೇರೆ ಬೇರೆ ರೋಗಗಳಾಗಿ ಕಾಣುತ್ತದೆ. ಕೀಲಿನ ತುದಿಯ ಮೃದ್ವಸ್ಥಿ ವಯಸ್ಸಿನೊಡನೆ ಸವೆದು ಬರುವ ಮಂಡಿನೋವು ಒಂದು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ಇನ್ನೊಂದು. ಮೂಳೆಯ ಒಳಹಂದರ ತೆಳುವಾಗಿ ಸಣ್ಣ ಪೆಟ್ಟಿಗೂ ಮುರಿಯುವಂತಾಗುವ ಅಸ್ಥಿರಂಧ್ರತೆ, ಅಂದರೆ ಆಸ್ಟಿಯೋಪೊರೋಸಿಸ್, ಮತ್ತೊಂದು. ಆದರೆ ಎರಡನೆಯದೂ ಮೂರನೆಯದೂ ಒಬ್ಬರ ದೇಹದಲ್ಲೇ ಜೊತೆಯಾಗಿ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ, ಮತ್ತು ಎರಡನೆಯದಕ್ಕೆ ಕೊಟ್ಟ ಔಷಧವೇ ಮೂರನೆಯದನ್ನು ತಂದೊಡ್ಡಿದ ಕಾಲವೂ ದೀರ್ಘವಾಗಿಯೇ ಇತ್ತು. ಈ ತೊಡಕನ್ನು ಬಿಡಿಸಲು ಮುಕ್ಕಾಲು ಶತಮಾನದಿಂದ ನಡೆದುಬಂದಿರುವ ಚಿಕಿತ್ಸಾ ಪ್ರಯೋಗಗಳು, ರೋಗಿಗೆ ಹಿತವೆನಿಸಿದ್ದು ಮತ್ತು ಯಂತ್ರಕ್ಕೆ ಚೆನ್ನಾಗಿ ಕಂಡದ್ದು ಎಷ್ಟೋ ಸಲ ಮೂಳೆಗೆ ಒಳ್ಳೆಯದಾಗಿರಲಿಲ್ಲ ಎಂಬುದನ್ನು ಮತ್ತೆ ಮತ್ತೆ ತೋರಿಸಿಕೊಟ್ಟಿವೆ.

ಮೂಳೆ ಹೊರನೋಟಕ್ಕೆ ಕಲ್ಲಿನಂತೆ ಕಂಡರೂ ಅದು ಸದಾ ಕೆಡವಿ ಕಟ್ಟುವ ಕೆಲಸ ನಡೆಯುತ್ತಿರುವ ಜೀವಂತ ಅಂಗಾಂಶ. ಹಳೆಯ ಮೂಳೆಯನ್ನು ಕರಗಿಸುವ ಕಣಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದೂ, ಆ ಜಾಗದಲ್ಲಿ ಹೊಸದನ್ನು ಕಟ್ಟುವ ಕಣಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದೂ ಹೆಸರು. ಆರೋಗ್ಯವಂತ ಪ್ರಾಯದವರಲ್ಲಿ ಇವೆರಡರ ಕೆಲಸ ಸರಿಸುಮಾರು ಸಮವಾಗಿರುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನ ಒಳಪೊರೆ ಉರಿಯೂತದಿಂದ ದಪ್ಪಗಾಗಿ, ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದಷ್ಟು ಬಿಗಿತ ಬರುತ್ತದೆ. ಆ ಊದಿದ ಪೊರೆಯಿಂದ ಹೊರಡುವ ರ‍್ಯಾಂಕ್‌ಎಲ್ ಎಂಬ ಪ್ರೋಟೀನು ಮೂಳೆ ಕರಗಿಸುವ ಕಣಗಳನ್ನು ಹುಟ್ಟಿಸಿ ಕೆಲಸಕ್ಕೆ ಹಚ್ಚುತ್ತದೆ ಎಂಬುದು 1990ರ ದಶಕದ ಕೊನೆಯ ಹೊತ್ತಿಗೆ ತಿಳಿಯಿತು. ಹೀಗಾಗಿ ಕೀಲಿನ ಅಂಚಿನ ಮೂಳೆ ಇಲಿ ಕಡಿದಂತೆ ಕೊರೆದುಹೋಗುವುದಷ್ಟೇ ಅಲ್ಲ, ಕೀಲಿನಿಂದ ದೂರವಿರುವ ಬೆನ್ನು ಮತ್ತು ಸೊಂಟದ ಮೂಳೆಗಳೂ ನಿಧಾನವಾಗಿ ತೆಳುವಾಗುತ್ತವೆ. ಯಾವ ಮದ್ದನ್ನೂ ಮುಟ್ಟದ ರೋಗಿಯಲ್ಲೂ ಇದು ನಡೆಯುವುದರಿಂದ, ದೋಷವನ್ನೆಲ್ಲ ಔಷಧದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆದರೂ ಔಷಧದ ಪಾಲು ದೊಡ್ಡದೇ. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಊರಿನ ಮೇಯೋ ಕ್ಲಿನಿಕ್‌ನಲ್ಲಿದ್ದ ವೈದ್ಯ ಫಿಲಿಪ್ ಹೆಂಚ್, ಕಾಮಾಲೆ ಬಂದ ಸಂಧಿವಾತದ ರೋಗಿಗಳಲ್ಲಿ ಕೀಲುನೋವು ತಾನಾಗಿಯೇ ಇಳಿಯುವುದನ್ನು 1929ರಿಂದ ಗಮನಿಸುತ್ತ ಬಂದಿದ್ದರು. ಬಸಿರಿನಲ್ಲೂ ನೋವು ಇಳಿಯುವುದನ್ನು ಕಂಡು, ದೇಹವೇ ತಯಾರಿಸುವ ಯಾವುದೋ ದ್ರವ್ಯ ಇದರ ಹಿಂದಿರಬೇಕೆಂದು ಊಹಿಸಿದರು. ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಲ್, ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಕೆಲವು ಸಂಯುಕ್ತಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲಿ "ಇ" ಎಂಬ ಅಕ್ಷರದಿಂದ ಗುರುತಿಸಿದ್ದನ್ನು, ಮುಂದೆ ಕಾರ್ಟಿಸೋನ್ ಎಂದು ಹೆಸರಾದುದನ್ನು, 1948ರ ಸೆಪ್ಟೆಂಬರ್ 21ರಂದು ಹಾಸಿಗೆ ಹಿಡಿದಿದ್ದ ಒಬ್ಬ ಯುವತಿಗೆ ಚುಚ್ಚಲಾಯಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು, ಪೇಟೆಗೂ ಹೋಗಿಬಂದಳು. 1949ರ ಏಪ್ರಿಲ್‌ನಲ್ಲಿ 14 ರೋಗಿಗಳ ವಿವರ ಪ್ರಕಟವಾಯಿತು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್‌ಲೆಂಡಿನ ತಾಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕವೂ ಬಂತು. ಮೊದಲ ಚುಚ್ಚುಮದ್ದಿನಿಂದ ನೊಬೆಲ್‌ವರೆಗೆ ಹಿಡಿದದ್ದು ಎರಡೇ ವರ್ಷ. ಮೂಳೆಯ ಮೇಲಿನ ಪರಿಣಾಮ ಪೂರ್ತಿಯಾಗಿ ಬಯಲಾಗಲು ಅಷ್ಟು ಸಮಯ ಎಲ್ಲಿ ಸಾಲಬೇಕು?

ಕಾರ್ಟಿಸೋನ್ ಮತ್ತು ಅದರ ಬಳಗದ ಪ್ರೆಡ್ನಿಸೊಲೋನ್ ಮುಂತಾದ ಔಷಧಗಳನ್ನೇ ಜನ ಸಾಮಾನ್ಯವಾಗಿ ಸ್ಟೀರಾಯ್ಡ್ ಎನ್ನುವುದು. ಇವು ಉರಿಯೂತವನ್ನು ಬೇಗ ತಣಿಸುತ್ತವೆ, ಆದರೆ ಮೂಳೆ ಕಟ್ಟುವ ಕಣಗಳನ್ನು ಸಾಯಿಸುತ್ತವೆ, ಕರಗಿಸುವ ಕಣಗಳ ಆಯುಸ್ಸನ್ನು ಹಿಗ್ಗಿಸುತ್ತವೆ, ಕರುಳು ಹೀರಿಕೊಳ್ಳುವ ಕ್ಯಾಲ್ಸಿಯಂ ಅನ್ನು ತಗ್ಗಿಸಿ ಮೂತ್ರದಲ್ಲಿ ಹೊರಹೋಗುವುದನ್ನು ಹೆಚ್ಚಿಸುತ್ತವೆ, ಸಾಲದೆಂಬಂತೆ ತೊಡೆಯ ಸ್ನಾಯುಗಳನ್ನು ಸೊರಗಿಸಿ ಬೀಳುವ ಸಂಭವವನ್ನೂ ಕೂಡಿಸುತ್ತವೆ. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಿಂದ ಸ್ಟೀರಾಯ್ಡ್ ಗುಳಿಗೆ ನುಂಗಿದ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ತೆಗೆದು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಹಾನಿಯ ಅಳತೆಯನ್ನು ಸ್ಪಷ್ಟವಾಗಿ ಮುಂದಿಟ್ಟಿತು: ದಿನಕ್ಕೆ 7.5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನ್ ತೆಗೆದುಕೊಂಡವರಲ್ಲಿ ಬೆನ್ನೆಲುಬಿನ ಮಣಿಗಳು ಮುರಿಯುವ ಸಂಭವ ಐದು ಪಟ್ಟು ಹೆಚ್ಚಾಗಿತ್ತು, 2.5 ಮಿಲಿಗ್ರಾಮಿಗಿಂತ ಕಡಿಮೆ ತೆಗೆದುಕೊಂಡವರಲ್ಲೂ ಒಂದೂವರೆ ಪಟ್ಟು ಇತ್ತು. ಅಪಾಯ ಏರುವುದು ವರ್ಷಗಳ ನಂತರವಲ್ಲ, ಮೊದಲ ಮೂರು ತಿಂಗಳೊಳಗೇ ಎಂಬುದು ವೈದ್ಯರ ಹಳೆಯ ನಂಬಿಕೆಯೊಂದನ್ನು ಅಲುಗಿಸಿತು. ಗುಳಿಗೆ ನಿಂತ ಮೇಲೆ ಅದು ಬೇಗ ಇಳಿಯುತ್ತದೆ ಎಂಬ ಸಮಾಧಾನವೂ ಅದೇ ಅಧ್ಯಯನದಲ್ಲಿತ್ತು. ಆದರೆ ಬಹುಕಾಲ ನುಂಗಿದ ಗುಳಿಗೆಯನ್ನು ಥಟ್ಟನೆ ನಿಲ್ಲಿಸುವಂತಿಲ್ಲ. ಹೊರಗಿನಿಂದ ಬರುವ ಸ್ಟೀರಾಯ್ಡಿಗೆ ಒಗ್ಗಿದ ಅಡ್ರಿನಲ್ ಗ್ರಂಥಿ ಅಷ್ಟರಲ್ಲಿ ನಿದ್ದೆಹೋಗಿರುತ್ತದೆ, ಅದು ಎಚ್ಚರಗೊಳ್ಳುವವರೆಗೆ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕಾಗುತ್ತದೆ. ಹೆಸರುಪಟ್ಟಿಯಿಲ್ಲದ ಪೊಟ್ಟಣದಲ್ಲಿ ಮಾರುವ ನೋವಿನ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ನುಂಗುವವರಿಗೆ ಇದಾವುದೂ ಗೊತ್ತಿರುವುದಿಲ್ಲ.

ಹಾಗಾದರೆ ಕರಗಿದ ಮೂಳೆಯನ್ನು ಮತ್ತೆ ತುಂಬಿಸಲಾಗದೇ ಎಂಬ ಪ್ರಶ್ನೆಗೆ ಒಂದು ಕಾಲಕ್ಕೆ ಸುಲಭವೆನಿಸುವ ಉತ್ತರವೊಂದಿತ್ತು, ಅದು ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿಗಳ ನೀರನ್ನು ಬಲ್ಲ ಓದುಗರಿಗೆ ಈ ಹೆಸರು ಹಳದಿಗಟ್ಟಿದ ಹಲ್ಲುಗಳನ್ನೂ ಸೆಟೆದ ಬೆನ್ನುಗಳನ್ನೂ ನೆನಪಿಸುತ್ತದೆ. ಆದರೆ ಫ್ಲೋರೈಡ್ ಮೂಳೆ ಕಟ್ಟುವ ಕಣಗಳನ್ನು ಚುರುಕುಗೊಳಿಸುತ್ತದೆ ಎಂಬುದೂ ನಿಜ, ಎಕ್ಸ್‌ರೇಯಲ್ಲಿ ಅಂಥ ಮೂಳೆ ದಟ್ಟವಾಗಿ ಬೆಳ್ಳಗೆ ಕಾಣುತ್ತದೆ ಎಂಬುದೂ ನಿಜ. ಅದನ್ನೇ ಮದ್ದಾಗಿಸುವ ಆಸೆಯಿಂದ ಅದೇ ಮೇಯೋ ಕ್ಲಿನಿಕ್‌ನ ಸಂಶೋಧಕರು, ಈಗಾಗಲೇ ಬೆನ್ನೆಲುಬಿನ ಮಣಿ ಮುರಿದಿದ್ದ, ಮುಟ್ಟು ನಿಂತ 202 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್, ಇನ್ನೊಂದಕ್ಕೆ ಔಷಧಗುಣವಿಲ್ಲದ ಹುಸಿಗುಳಿಗೆ ಕೊಟ್ಟು ನಾಲ್ಕು ವರ್ಷ ಕಾದರು. ಕ್ಯಾಲ್ಸಿಯಂ ಎರಡೂ ಗುಂಪಿಗೆ ಇತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡನ್ನು ಭಾರತದ ಮಾನದಂಡ ಕೊನೆಯ ಮಿತಿಯೆಂದು ಇಟ್ಟಿದೆ. ಆ ಗುಳಿಗೆಯಲ್ಲಿ ಒಂದು ದಿನಕ್ಕೆ ಸುಮಾರು 34 ಮಿಲಿಗ್ರಾಂ ಫ್ಲೋರೈಡ್ ಇತ್ತು. 1990ರಲ್ಲಿ ಫಲಿತಾಂಶ ಬಂದಾಗ ಫ್ಲೋರೈಡ್ ಗುಂಪಿನವರ ಬೆನ್ನೆಲುಬಿನ ಸಾಂದ್ರತೆ ಶೇ. 35ರಷ್ಟು ಏರಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಗೆಲುವಿನ ಕಥೆಯಾಗುತ್ತಿತ್ತು. ಆದರೆ ಮುರಿತಗಳನ್ನು ಎಣಿಸಿದಾಗ ಬೆನ್ನಿನಲ್ಲಿ ಅವು ಕಡಿಮೆಯೇನೂ ಆಗಿರಲಿಲ್ಲ, ಕೈಕಾಲು ಸೊಂಟಗಳಲ್ಲಿ ಮಾತ್ರ ಹುಸಿಗುಳಿಗೆಯ ಗುಂಪಿನ 24ಕ್ಕೆ ಎದುರಾಗಿ 72 ಆಗಿದ್ದವು. ಫ್ಲೋರೈಡ್ ಸೇರಿದ ಮೂಳೆಯ ಹರಳು ಗಟ್ಟಿಯಾಗುತ್ತದೆ, ಆದರೆ ಪೆಟ್ಟು ಬಿದ್ದಾಗ ಬಳುಕಿ ತಾಳುವ ಗುಣ ಕಳೆದುಕೊಳ್ಳುತ್ತದೆ. ಪಾವಗಡದ ಹಳ್ಳಿಗರ ದೇಹ ಅದನ್ನು ಯಾವ ಪ್ರಯೋಗಕ್ಕೂ ಮೊದಲೇ ಹೇಳುತ್ತಿತ್ತು.

ಈ ಪ್ರಯೋಗದ ನಂತರ ಮೂಳೆಯ ಹೊಸ ಔಷಧವೊಂದು ಸಾಂದ್ರತೆ ಏರಿಸಿತೆಂಬುದಷ್ಟೇ ಸಾಕೆನಿಸದಾಯಿತು, ಮುರಿತ ತಗ್ಗಿತೇ ಎಂದು ಕೇಳುವುದು ವಾಡಿಕೆಯಾಯಿತು. ಡೆಕ್ಸಾ ಎಂಬ ಕಡಿಮೆ ವಿಕಿರಣದ ಎಕ್ಸ್‌ರೇ ಪರೀಕ್ಷೆ ಕೊಡುವ ಟಿ-ಅಂಕವನ್ನೂ ಈ ಬೆಳಕಿನಲ್ಲೇ ಓದಬೇಕು. ಆರೋಗ್ಯವಂತ ಯುವತಿಯರ ಸರಾಸರಿ ಸಾಂದ್ರತೆಗಿಂತ ಎಷ್ಟು ಕೆಳಗಿದೆ ಎಂದು ಅದು ಹೇಳುತ್ತದೆ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅಸ್ಥಿರಂಧ್ರತೆ ಎಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆಯಿತು. ಸ್ಟೀರಾಯ್ಡ್ ನುಂಗುವವರ ಮೂಳೆ ಈ ಗೆರೆಗಿಂತ ಮೇಲಿರುವಾಗಲೇ ಮುರಿಯುವುದುಂಟು, ಏಕೆಂದರೆ ಸಾಂದ್ರತೆಗೆ ನಿಲುಕದ ಒಳಗಿನ ಕಟ್ಟಡವನ್ನೂ ಆ ಔಷಧ ಕೆಡಿಸಿರುತ್ತದೆ. ಬೆನ್ನಿನ ಮಣಿ ಮುರಿದದ್ದು ಎಷ್ಟೋ ಜನರಿಗೆ ಗೊತ್ತೂ ಆಗುವುದಿಲ್ಲ. ಕಪಾಟಿನ ಮೇಲಿನ ಡಬ್ಬಿ ಮೊದಲಿನಂತೆ ಕೈಗೆ ಎಟುಕುತ್ತಿಲ್ಲ, ಸೀರೆಯ ನೆರಿಗೆ ನೆಲಕ್ಕೆ ತಾಗುತ್ತಿದೆ ಎಂಬಂಥ ಗುರುತುಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಮುರಿತವನ್ನೇ ಎಣಿಸಿ ಗೆದ್ದ ಮೊದಲ ಔಷಧಗಳ ಗುಂಪು ಬಿಸ್‌ಫಾಸ್ಫೊನೇಟ್‌ಗಳದು, ಮತ್ತು ಅವುಗಳ ಹುಟ್ಟಿಗೂ ನೀರಿಗೂ ನಂಟಿದೆ. ಗಡಸು ನೀರು ಹರಿಯುವ ಕೊಳವೆಯಲ್ಲಿ ಸುಣ್ಣ ಕಟ್ಟದಂತೆ ಬೆರೆಸುವ ಪಾಲಿಫಾಸ್ಫೇಟ್ ಜಾತಿಯ ವಸ್ತುಗಳು ದೇಹದ ಸುಣ್ಣದ ಮೇಲೂ ಕೆಲಸ ಮಾಡಬಹುದೆಂದು ಸ್ವಿಟ್ಜರ್‌ಲೆಂಡಿನ ಹರ್ಬರ್ಟ್ ಫ್ಲೈಶ್ 1960ರ ದಶಕದಲ್ಲಿ ಯೋಚಿಸಿದರು. ಅಲ್ಲಿಂದ ಹೊರಟ ದಾರಿ ಮೂಳೆ ಕರಗಿಸುವ ಕಣಗಳನ್ನು ತಡೆಯುವ ಅಲೆಂಡ್ರೊನೇಟ್‌ವರೆಗೆ ಬಂತು. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೊದಲೇ ಬೆನ್ನಿನ ಮಣಿ ಮುರಿದಿದ್ದ 2,027 ಮಹಿಳೆಯರ ಪೈಕಿ ಹುಸಿಗುಳಿಗೆ ಪಡೆದವರಲ್ಲಿ ಮೂರು ವರ್ಷದಲ್ಲಿ ಶೇ. 15 ಜನರಿಗೆ ಹೊಸದಾಗಿ ಮಣಿ ಮುರಿದರೆ, ಅಲೆಂಡ್ರೊನೇಟ್ ಪಡೆದವರಲ್ಲಿ ಶೇ. 8 ಜನರಿಗೆ ಮುರಿಯಿತು. ಸೊಂಟದ ಮುರಿತ ಶೇ. 2.2ರಿಂದ 1.1ಕ್ಕೆ ಇಳಿಯಿತು. ಇದನ್ನು "ಅರ್ಧಕ್ಕರ್ಧ ಇಳಿಕೆ" ಎಂದರೂ ಸುಳ್ಳಲ್ಲ, "ಮೂರು ವರ್ಷ ನುಂಗಿದ ನೂರು ಜನರಲ್ಲಿ ಒಬ್ಬರ ಸೊಂಟ ಉಳಿಯಿತು" ಎಂದರೂ ಸುಳ್ಳಲ್ಲ. ಜಾಹೀರಾತು ಮೊದಲನೆಯದನ್ನೇ ಆರಿಸಿಕೊಳ್ಳುತ್ತದೆ. ಗುಳಿಗೆ ನುಂಗುವ ರೀತಿಯೂ ಸ್ವಲ್ಪ ಕಟ್ಟುನಿಟ್ಟಿನದು: ಬರೀಹೊಟ್ಟೆಯಲ್ಲಿ, ಕಾಫಿಯೂ ಹಾಲೂ ಸೋಂಕದಂತೆ, ಒಂದು ಲೋಟ ಬರೀ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗದೆ ಕುಳಿತೋ ನಿಂತೋ ಇರಬೇಕು, ಇಲ್ಲವಾದರೆ ಅನ್ನನಾಳ ಹುಣ್ಣಾದೀತು. ಹಲವು ವರ್ಷ ಬಿಡದೆ ನುಂಗಿದ ಕೆಲವರಲ್ಲಿ ತೊಡೆಮೂಳೆ ಪೆಟ್ಟಿಲ್ಲದೆಯೇ ಅಡ್ಡಲಾಗಿ ಸೀಳುವುದೂ ಕಂಡುಬಂದಿದೆ, ಆದರೆ ಔಷಧ ತಡೆದ ಮುರಿತಗಳ ಮುಂದೆ ಇದು ವಿರಳ.

ಸ್ಟೀರಾಯ್ಡ್ ರೋಗಿಗಳ ಮಟ್ಟಿಗೆ 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ಹೆಚ್ಚು ಕುತೂಹಲದ್ದು. ಅದರಲ್ಲಿ 428 ಜನರನ್ನು ಎರಡು ಭಾಗ ಮಾಡಿ ಕೆಲವರಿಗೆ ಅಲೆಂಡ್ರೊನೇಟ್, ಕೆಲವರಿಗೆ ದಿನಕ್ಕೊಂದು ಚುಚ್ಚುಮದ್ದಾದ ಟೆರಿಪ್ಯಾರಟೈಡ್ ಕೊಡಲಾಯಿತು. ಎರಡನೆಯದು ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನಿನ ಒಂದು ತುಣುಕು, ಕರಗುವಿಕೆಯನ್ನು ತಡೆಯುವ ಬದಲು ಕಟ್ಟುವ ಕಣಗಳನ್ನೇ ಎಬ್ಬಿಸುವಂಥದು. ಹದಿನೆಂಟು ತಿಂಗಳಲ್ಲಿ ಬೆನ್ನಿನ ಹೊಸ ಮುರಿತ ಅಲೆಂಡ್ರೊನೇಟ್ ಗುಂಪಿನಲ್ಲಿ ಶೇ. 6.1, ಟೆರಿಪ್ಯಾರಟೈಡ್ ಗುಂಪಿನಲ್ಲಿ ಶೇ. 0.6. ಸ್ಟೀರಾಯ್ಡ್ ಮುಖ್ಯವಾಗಿ ಕಟ್ಟುವವರನ್ನೇ ಕೊಲ್ಲುವುದರಿಂದ ಈ ಫಲಿತಾಂಶ ತರ್ಕಕ್ಕೆ ಒಪ್ಪುವಂಥದೇ. ಅಡ್ಡಿಯೆಂದರೆ ಬೆಲೆ ಮತ್ತು ದಿನವೂ ಚುಚ್ಚಿಕೊಳ್ಳುವ ಕಿರಿಕಿರಿ. ರ‍್ಯಾಂಕ್‌ಎಲ್ ಪ್ರೋಟೀನನ್ನೇ ಹಿಡಿದು ಕಟ್ಟುವ ಡೆನೊಸುಮ್ಯಾಬ್ ಆರು ತಿಂಗಳಿಗೊಂದು ಚುಚ್ಚುಮದ್ದು. ಸಂಧಿವಾತದ ರೋಗಿಗಳಲ್ಲಿ ಅದು ಕೀಲಿನ ಊತವನ್ನು ಕಿಂಚಿತ್ತೂ ಇಳಿಸದೆ ಮೂಳೆಯ ಕೊರೆತವನ್ನಷ್ಟೇ ನಿಧಾನಿಸಿತು. ಅದನ್ನು ನಿಲ್ಲಿಸಿ ಬೇರೆ ಮದ್ದು ಹಿಡಿಯದಿದ್ದರೆ ತಡೆಹಿಡಿದ ಕರಗುವಿಕೆ ಕಟ್ಟೆಯೊಡೆದಂತೆ ಹರಿದು ಒಟ್ಟೊಟ್ಟಿಗೆ ಹಲವು ಮಣಿಗಳು ಮುರಿದದ್ದೂ ಇದೆ.

ಎಲ್ಲಕ್ಕಿಂತ ಒಳ್ಳೆಯ ದಾರಿ ಸ್ಟೀರಾಯ್ಡಿನ ಅಗತ್ಯವನ್ನೇ ತಗ್ಗಿಸುವುದು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯನ್ನು ಮುನ್ನಡೆಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ ಬಂದ ಮೆಥೊಟ್ರೆಕ್ಸೇಟ್, ಮೊದಲು ಕ್ಯಾನ್ಸರಿನ ಮದ್ದಾಗಿದ್ದದ್ದು, 1980ರ ದಶಕದ ಪ್ರಯೋಗಗಳ ನಂತರ ಸಣ್ಣ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಡುವ ಸಂಧಿವಾತದ ಮುಖ್ಯ ಔಷಧವಾಯಿತು. ವಾರಕ್ಕೊಮ್ಮೆ ಎಂಬುದನ್ನು ದಿನಕ್ಕೊಮ್ಮೆ ಎಂದು ತಪ್ಪಾಗಿ ತಿಳಿದು ನುಂಗಿದರೆ ಪ್ರಾಣಕ್ಕೇ ಕುತ್ತು, ಆದ್ದರಿಂದಲೇ ಚೀಟಿಯಲ್ಲಿ ವಾರದ ಹೆಸರನ್ನು ಬರೆಸಿಕೊಳ್ಳುವುದು ಲೇಸು. ಲಂಡನ್ನಿನಲ್ಲಿ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಮೊದಲ ಬಾರಿಗೆ ರೋಗಿಗಳಿಗೆ ಕೊಟ್ಟು ನೋಡಿದ, ಟಿಎನ್ಎಫ್ ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುವ ಔಷಧಗಳು ಅದರ ಮುಂದಿನ ಹೆಜ್ಜೆ.

ಇಷ್ಟಾದರೂ ಸ್ಟೀರಾಯ್ಡ್ ಹೋಗಿಲ್ಲ. 65 ದಾಟಿದ 451 ಸಂಧಿವಾತದ ರೋಗಿಗಳಿಗೆ ಎರಡು ವರ್ಷ ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅಥವಾ ಹುಸಿಗುಳಿಗೆ ಕೊಟ್ಟು ನೋಡಿದ, ಯುರೋಪಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಗ್ಲೋರಿಯಾ ಪ್ರಯೋಗದಲ್ಲಿ, ಸ್ಟೀರಾಯ್ಡ್ ಪಡೆದವರ ನೋವೂ ಕೀಲಿನ ಹಾನಿಯೂ ಕಡಿಮೆಯಾದವು. ಗಮನಿಸಬೇಕೆಂದು ಮೊದಲೇ ಗುರುತು ಹಾಕಿಕೊಂಡಿದ್ದ ತೊಂದರೆಗಳಲ್ಲಿ ಒಂದಾದರೂ ಅನುಭವಿಸಿದವರು ಆ ಗುಂಪಿನಲ್ಲಿ ಶೇ. 60, ಇನ್ನೊಂದರಲ್ಲಿ ಶೇ. 49, ಹೆಚ್ಚಿನವು ಸೋಂಕುಗಳು. ಈ ಕೊಡುಕೊಳ್ಳುವಿಕೆ ಲಾಭದ್ದೇ ಎಂಬ ಬಗ್ಗೆ ವೈದ್ಯರು ಒಮ್ಮತಕ್ಕೆ ಬಂದಿಲ್ಲ. ಮುಂದಿನ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಂಭವವನ್ನು ಹೇಳುವ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 2008ರಲ್ಲಿ ಸಿದ್ಧವಾದ ಫ್ರಾಕ್ಸ್ ಎಂಬ ಲೆಕ್ಕಾಚಾರ ಸ್ಟೀರಾಯ್ಡಿನ ಬಗ್ಗೆ ಹೌದು-ಇಲ್ಲ ಎಂದಷ್ಟೇ ಕೇಳುತ್ತದೆ, ಎಷ್ಟು ಎಂದು ಕೇಳುವುದಿಲ್ಲ. ಅದು ಶುರುವಾಗುವುದೇ 40ರ ವಯಸ್ಸಿನಿಂದ. ಸಂಧಿವಾತಕ್ಕೋ, ಅದರಂತೆಯೇ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆ ತಿರುಗಿಬೀಳುವ ಲೂಪಸ್ ರೋಗಕ್ಕೋ ಪ್ರೆಡ್ನಿಸೊಲೋನ್ ನುಂಗುತ್ತಿರುವ, ಮುಂದೆ ಬಸಿರಾಗಬೇಕೆಂದಿರುವ, ಆದ್ದರಿಂದ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವ ಬಿಸ್‌ಫಾಸ್ಫೊನೇಟನ್ನು ಕೊಡಲು ವೈದ್ಯರು ಹಿಂದೆಮುಂದೆ ನೋಡುವ ಹುಡುಗಿಗೆ ಆ ಲೆಕ್ಕಾಚಾರದಲ್ಲಿ ಜಾಗವಿಲ್ಲ. 1948ರಲ್ಲಿ ರಾಚೆಸ್ಟರ್‌ನಲ್ಲಿ ಮೊದಲ ಚುಚ್ಚುಮದ್ದು ಪಡೆದು ಎದ್ದು ನಡೆದವಳಿಗೆ 29 ವರ್ಷ.