ದುರಸ್ತಿಯಾದ ಮೇಲೂ ಹಟ ಬಿಡದ ಕ್ಲಚ್ಚು

ಕ್ಲಚ್ಚಿಗೆ ಹೊಸ ತಟ್ಟೆ ಹಾಕಿಸಿಕೊಂಡು ಹೊರಟ ಕಾರಿನ ದೋಷ ಶಿರಾದ ಹೆದ್ದಾರಿಯ ಸಮತಟ್ಟಿನಲ್ಲಿ ಮರೆಯಾಗಿಯೇ ಇರಬಹುದು. ಸಂಸಾರ, ಸಾಮಾನು ತುಂಬಿಕೊಂಡು ಕೊರಟಗೆರೆಯಿಂದ ಮಧುಗಿರಿಯ ಕಡೆಗೆ ಸಾಗುವಾಗ, ಒಂದು ಏರು ಎದುರಾದರೆ ಅದು ಬಯಲಾಗುತ್ತದೆ.

ಎಂಜಿನ್ ಗರ್ಜಿಸಿದರೂ ವೇಗ ಏರದಿದ್ದರೆ ತಟ್ಟೆ ಜಾರುತ್ತಿದೆಯೆಂದರ್ಥ. ಮೊದಲು ಪೆಡಲನ್ನು ಬೆರಳಿನಿಂದ ಒತ್ತಿ ನೋಡತಕ್ಕದ್ದು. ತಂತಿಯಿಂದ ನಡೆಯುವ ಅನೇಕ ಕಾರುಗಳಲ್ಲಿ ಸುಮಾರು 15ರಿಂದ 25 ಮಿಲಿಮೀಟರಿನಷ್ಟು ಸಡಿಲು ಇರಬೇಕು. ಇಲ್ಲವಾದರೆ ತಂತಿಯನ್ನು ಬಿಗಿಯಾಗಿ ಕಟ್ಟಿದ್ದಾರೆ, ಅಷ್ಟೆ.

ರಿವರ್ಸ್ ಗೇರು ಕಿರುಗುಟ್ಟಿದರೆ ರೋಗ ಬೇರೆ: ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ದ್ರವದಿಂದ ನಡೆಯುವ ಕ್ಲಚ್ಚಾದರೆ ಪೆಡಲನ್ನು ನಾಲ್ಕಾರು ಬಾರಿ ಬೇಗ ಬೇಗ ಒತ್ತಬೇಕು. ಆಗ ಗೇರು ಸಲೀಸಾಗಿ ಬಿದ್ದರೆ ಬಹುಮಟ್ಟಿಗೆ ಕೊಳವೆಯೊಳಗೆ ಗಾಳಿ ಸೇರಿದೆ. ಆ ಗಾಳಿಯನ್ನು ಹೊರಹಾಕಲು ಗೇರುಪೆಟ್ಟಿಗೆ ಇಳಿಸಬೇಕಾಗಿಲ್ಲ. ಇಳಿಸಲೇಬೇಕೆಂದು ಇನ್ನೊಮ್ಮೆ ಕೂಲಿ ಕೇಳುವವರನ್ನು ಕಾರಣ ವಿಚಾರಿಸುವುದರಲ್ಲಿ ಸಂಕೋಚವೇಕೆ?

ಎಂಜಿನ್ನಿನ ಹಿಂದಿನ ಸೀಲು ಸೋರಿ ತಟ್ಟೆಗೆ ಎಣ್ಣೆ ತಗುಲಿದ್ದರೆ ಮಾತ್ರ ಬಿಚ್ಚದೆ ಗತಿಯಿಲ್ಲ. ಕಮಟು ವಾಸನೆ ಬರುತ್ತಿರುವ ಕಾರನ್ನು ಪಾವಗಡದವರೆಗೆ ಎಳೆಯುವುದಕ್ಕಿಂತ ಮಧುಗಿರಿಯಲ್ಲೇ ನಿಲ್ಲಿಸುವುದು ಲೇಸು. ಜಾರುವ ತಟ್ಟೆಯ ಕಾವಿಗೆ ಫ್ಲೈವೀಲಿನ ಮುಖವೂ ಕೆಟ್ಟೀತು; ಆಗ ತಟ್ಟೆಯೊಂದನ್ನೇ ಬದಲಾಯಿಸಿದರೆ ಸಾಲದು.