ನಿವೃತ್ತಿಯ ಗಂಟು ಸಾಗಿಸುವಾಗ

ನಿಮ್ಮ ಮಗನೋ ಮಗಳೋ ಅಮೆರಿಕದಲ್ಲಿ ಕೆಲಸ ಬದಲಿಸಿದರೆ, ಹಳೆಯ ಕಂಪನಿಯ ‘೪೦೧-ಕೆ’ ನಿವೃತ್ತಿ ನಿಧಿಯನ್ನು ಬೇರೊಂದು ಹಣಕಾಸು ಸಂಸ್ಥೆಯಲ್ಲಿ ಅದೇ ಬಗೆಯ ತೆರಿಗೆಯುಳ್ಳ ನಿವೃತ್ತಿ ಖಾತೆಗೆ ಸಾಗಿಸಬಹುದು. ಚೆಕ್ಕು ಯಾರ ಹೆಸರಿಗೆ ಎಂಬುದೇ ಮುಖ್ಯ. ಹೊಸ ಸಂಸ್ಥೆಯ ಹೆಸರಿಗಾದರೆ ತೆರಿಗೆಯಿಲ್ಲ. ತಮ್ಮ ಹೆಸರಿಗೇ ಬರೆಸಿಕೊಂಡರೋ, ಶೇಕಡಾ ೨೦ನ್ನು ತೆರಿಗೆಗೆಂದು ಮುರಿದುಕೊಂಡೇ ಕೊಡುತ್ತಾರೆ: ೧೦,೦೦೦ ಡಾಲರಿಗೆ ಕೈಗೆ ಬರುವುದು ೮,೦೦೦. ತೆರಿಗೆ ತಪ್ಪಬೇಕಾದರೆ ೬೦ ದಿನದೊಳಗೆ ಪೂರ್ತಿ ೧೦,೦೦೦ ತುಂಬಬೇಕು. ಕೊರತೆಯ ೨,೦೦೦ ಸ್ವಂತ ಜೇಬಿನಿಂದ! ಮುರಿದುಕೊಂಡದ್ದು ಜಮೆಯಾಗುವುದು ವರ್ಷದ ತೆರಿಗೆ ಲೆಕ್ಕ ಸಲ್ಲಿಸಿದಾಗಲೇ.

ನೇರವಾಗಿ ಸಾಗಿಸಿದವರಿಗೂ ಮರುವರ್ಷ ‘೧೦೯೯-ಆರ್’ ಎಂಬ ನಮೂನೆ ಬರುತ್ತದೆ. ಗಾಬರಿ ಬೇಡ, ತೆರಿಗೆ ಬೀಳುವ ಮೊತ್ತ ಸೊನ್ನೆಯೆಂದೂ ಸಂಕೇತ ‘ಜಿ’ ಎಂದೂ ಇದೆಯೇ ನೋಡಿಕೊಳ್ಳಲಿ. ತೆರಿಗೆಯಿಲ್ಲವಲ್ಲ ಎಂದು ಲೆಕ್ಕದಲ್ಲಿ ಕಾಣಿಸದೆ ಬಿಡುವಂತಿಲ್ಲ. ಅದರ ಇನ್ನೊಂದು ಪ್ರತಿ ತೆರಿಗೆ ಇಲಾಖೆಗೂ ಹೋಗಿರುತ್ತದೆ.